ಮಾರ್ಷಲ್ ವಿಶ್ವವಿದ್ಯಾಲಯ ಫುಟ್‌ಬಾಲ್ ತಂಡ: ದುರಂತದಿಂದ ಮರುಹುಟ್ಟಿನವರೆಗೆ

ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯದ ಹಂಟಿಂಗ್ಟನ್ ನಗರದಲ್ಲಿರುವ ಮಾರ್ಷಲ್ ವಿಶ್ವವಿದ್ಯಾಲಯವು 1837ರಲ್ಲಿ ಶಾಲೆಯಾಗಿ ಆರಂಭಗೊಂಡಿತು. ಆ ದೇಶದ ಸುಪ್ರೀಂ ಕೋರ್ಟ್‌ನ ಮುಖ್ಯ ನ್ಯಾಯಮೂರ್ತಿಯಾಗಿದ್ದ ಜಾನ್ ಮಾರ್ಷಲ್ ಅವರ ಹೆಸರನ್ನು ಈ ಸಂಸ್ಥೆಗೆ ಇಡಲಾಗಿದೆ. ಇದರ ಫುಟ್‌ಬಾಲ್ ತಂಡದ ಹೆಸರು ‘ಥಂಡರಿಂಗ್ ಹರ್ಡ್’. ಗುಡುಗುವ ಹಿಂಡು ಎಂದು ಇದರ ಅರ್ಥ.

ಅಮೆರಿಕನ್ ಫುಟ್‌ಬಾಲ್ ನಮಗೆ ಪರಿಚಿತವಾದ ಕಾಲ್ಚೆಂಡಾಟವಲ್ಲ. ತಲಾ 11 ಆಟಗಾರರ ಎರಡು ತಂಡಗಳು ಅಂಡಾಕಾರದ ಚೆಂಡನ್ನು ಹಿಡಿದು ಓಡುತ್ತಾ ಅಥವಾ ಎಸೆಯುತ್ತಾ ಎದುರಾಳಿಯ ಗಡಿಯತ್ತ ಸಾಗುತ್ತವೆ. ನಾಲ್ಕು ಯತ್ನಗಳಲ್ಲಿ 10 ಗಜ ಮುನ್ನಡೆಯಬೇಕು. ಗಡಿ ದಾಟಿ ಗಳಿಸುವ ‘ಟಚ್‌ಡೌನ್’ಗೆ 6 ಅಂಕ.

ಕರಾಳ ಶನಿವಾರ

1970ರ ನವೆಂಬರ್ 14ರಂದು ತಂಡವು ನಾರ್ತ್ ಕೆರೊಲಿನಾದ ಗ್ರೀನ್‌ವಿಲ್‌ನಲ್ಲಿ ಈಸ್ಟ್ ಕೆರೊಲಿನಾ ವಿರುದ್ಧ 14-17ರಿಂದ ಸೋತು, ಬಾಡಿಗೆ ವಿಮಾನದಲ್ಲಿ ಮರಳುತ್ತಿತ್ತು. ಮಳೆ ಮತ್ತು ಮಂಜಿನ ನಡುವೆ ವಿಮಾನವು ಹಂಟಿಂಗ್ಟನ್ ನಿಲ್ದಾಣದ ರನ್‌ವೇ ತಲುಪುವ ಮೊದಲೇ ಗುಡ್ಡಕ್ಕೆ ಅಪ್ಪಳಿಸಿತು. ಅದರಲ್ಲಿದ್ದ 75 ಮಂದಿಯೂ ಅಸುನೀಗಿದರು. ಅವರಲ್ಲಿ 37 ಆಟಗಾರರು ಹಾಗೂ ಮುಖ್ಯ ತರಬೇತುದಾರ ರಿಕ್ ಟಾಲಿ ಸೇರಿದ್ದರು. ಊರಿನ ಗಣ್ಯರೂ ತಂಡದೊಂದಿಗೆ ಪ್ರಯಾಣಿಸಿದ್ದರಿಂದ ಹಂಟಿಂಗ್ಟನ್‌ನ ಹಲವು ಮನೆಗಳಲ್ಲಿ ಮಕ್ಕಳು ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡರು.

ತಂಡ ಉಳಿಯಬೇಕೆ?

ಫುಟ್‌ಬಾಲನ್ನು ಕೈಬಿಡುವ ಆಲೋಚನೆಯೂ ವಿಶ್ವವಿದ್ಯಾಲಯದ ಮುಂದಿತ್ತು. ವಿದ್ಯಾರ್ಥಿಗಳ ಮತ್ತು ಅಭಿಮಾನಿಗಳ ಒತ್ತಾಸೆಯಿಂದ ತಂಡವನ್ನು ಮತ್ತೆ ಕಟ್ಟಲು ನಿರ್ಧರಿಸಲಾಯಿತು. ಆದರೆ ಆಡುವವರೇ ಇರಲಿಲ್ಲ. ಪ್ರಥಮ ವರ್ಷದ ವಿದ್ಯಾರ್ಥಿಗಳು ಮುಖ್ಯ ತಂಡದಲ್ಲಿ ಆಡುವಂತಿರಲಿಲ್ಲ ಎಂಬುದು ಆಗಿನ ನಿಯಮ. ಕಾಲೇಜು ಕ್ರೀಡೆಗಳ ರಾಷ್ಟ್ರೀಯ ಸಂಸ್ಥೆಯಾದ ಎನ್‌ಸಿಎಎ, ಮಾರ್ಷಲ್‌ಗೆ ಇದರಿಂದ ವಿನಾಯಿತಿ ನೀಡಿತು. ಹೊಸ ತರಬೇತುದಾರ ಜ್ಯಾಕ್ ಲೆಂಗೆಲ್, ದುರಂತದ ದಿನ ವಿಮಾನದಲ್ಲಿರದ ಕೆಲವೇ ಹಿರಿಯ ಆಟಗಾರರೊಂದಿಗೆ ಎಳೆಯರನ್ನು ಸೇರಿಸಿ ಕಣಕ್ಕಿಳಿಸಿದರು.

1971ರ ಸೆಪ್ಟೆಂಬರ್ 25ರಂದು ತವರಿನಲ್ಲಿ ನಡೆದ ಪಂದ್ಯದ ಕಟ್ಟಕಡೆಯ ಆಟದಲ್ಲಿ ಟಚ್‌ಡೌನ್ ಗಳಿಸಿದ ಈ ತಂಡ, ಝೇವಿಯರ್ ವಿಶ್ವವಿದ್ಯಾಲಯವನ್ನು 15-13ರಿಂದ ಮಣಿಸಿತು.

ದೀರ್ಘ ನಿರೀಕ್ಷೆ

2006ರಲ್ಲಿ ತೆರೆಕಂಡ ‘ವಿ ಆರ್ ಮಾರ್ಷಲ್’ ಚಿತ್ರದ ಕಥೆ ಈ ಗೆಲುವಿನಲ್ಲಿ ಶಿಖರ ಮುಟ್ಟುತ್ತದೆ. ವಾಸ್ತವದಲ್ಲಿ ಆ ಋತುವಿನಲ್ಲಿ ತಂಡ ಗೆದ್ದದ್ದು ಎರಡೇ ಪಂದ್ಯ. ಸೋಲಿಗಿಂತ ಹೆಚ್ಚು ಗೆಲುವು ಕಾಣಲು 1984ರವರೆಗೆ ಕಾಯಬೇಕಾಯಿತು. ಅಷ್ಟು ವರ್ಷಗಳ ಸೋಲಿನಲ್ಲೂ ಊರು ತಂಡವನ್ನು ತೊರೆಯಲಿಲ್ಲ ಎಂಬುದೇ ಇಲ್ಲಿನ ವಿಶೇಷ.

ತರುವಾಯ 1992 ಮತ್ತು 1996ರಲ್ಲಿ ಎರಡನೇ ಶ್ರೇಣಿಯ ರಾಷ್ಟ್ರೀಯ ಪ್ರಶಸ್ತಿ ಮಾರ್ಷಲ್ ಪಾಲಾಯಿತು. 1997ರಲ್ಲಿ ಅಗ್ರ ಶ್ರೇಣಿಗೇರಿದ ತಂಡ, 1999ರ ಋತುವಿನ 13 ಪಂದ್ಯಗಳನ್ನೂ ಗೆದ್ದಿತು. ರ‍್ಯಾಂಡಿ ಮಾಸ್, ಚಾಡ್ ಪೆನ್ನಿಂಗ್ಟನ್ ಅವರಂತಹ ವೃತ್ತಿಪರ ತಾರೆಯರು ಇಲ್ಲಿ ಬೆಳೆದವರು. 2022ರಲ್ಲಿ ಬಲಾಢ್ಯ ನೋಟ್ರ್ ಡೇಮ್ ತಂಡವನ್ನು ಅದರ ಅಂಗಳದಲ್ಲೇ 26-21ರಿಂದ ಸೋಲಿಸಿದ್ದು ಸುದ್ದಿಯಾಗಿತ್ತು.

ವಿಶ್ವವಿದ್ಯಾಲಯದ ಆವರಣದಲ್ಲಿ 1972ರಲ್ಲಿ ಸ್ಮಾರಕ ಕಾರಂಜಿಯೊಂದನ್ನು ನಿರ್ಮಿಸಲಾಗಿದೆ. ಪ್ರತಿವರ್ಷ ನವೆಂಬರ್ 14ರಂದು ಅಗಲಿದ 75 ಮಂದಿಗೆ ನಮನ ಸಲ್ಲಿಸಿ ಅದರ ನೀರನ್ನು ನಿಲ್ಲಿಸಲಾಗುತ್ತದೆ. ವಸಂತ ಕಾಲದಲ್ಲಿ ಕಾರಂಜಿ ಮತ್ತೆ ಚಿಮ್ಮುತ್ತದೆ.