ಉದ್ದ ನಳಿಕೆ, ಗಿಡ್ಡ ನಳಿಕೆ

ಸಕಲೇಶಪುರ, ಆಲೂರು ಸೀಮೆಯ ಹಳೆಯ ತೋಟದ ಮನೆಗಳಲ್ಲಿ ಕೋವಿ ಇರುವುದು ವಿಶೇಷವೇನಲ್ಲ. ಗದ್ದೆಗೆ ಹಂದಿ, ಬಾಳೆಗೆ ಮಂಗ, ಕೊಟ್ಟಿಗೆಗೆ ಚಿರತೆ ಬರುವ ನಾಡಿನಲ್ಲಿ ಕತ್ತಿ, ಗುದ್ದಲಿಗಳಂತೆ ಅದೂ ಒಂದು ಹತ್ಯಾರು. ಆದರೆ ಇಲ್ಲಿ ಕೋವಿ ಎಂದರೆ ಹೆಗಲಿಗೇರುವ ಉದ್ದ ನಳಿಕೆಯದು. ಸೊಂಟಕ್ಕೆ ಸಿಕ್ಕಿಸಿ ಅಂಗಿಯಡಿ ಮರೆಮಾಡಬಹುದಾದ ರಿವಾಲ್ವರ್, ಪಿಸ್ತೂಲುಗಳು ಅಪರೂಪ. ಇದು ಬರಿಯ ರೂಢಿಯ ಮಾತಲ್ಲ. ಇದರ ಹಿಂದೆ ಕಾನೂನಿನ ಚರಿತ್ರೆಯೊಂದಿದೆ.

ಈ ಗುಡ್ಡಗಳಿಗೆ ಮದ್ದುಗುಂಡು ಹೊಸದಲ್ಲ. ಟಿಪ್ಪು ಸುಲ್ತಾನ್ 1792ರಲ್ಲಿ ಕಟ್ಟಿಸಿದ ನಕ್ಷತ್ರಾಕಾರದ ಮಂಜರಾಬಾದ್ ಕೋಟೆಯೊಳಗೆ ಮದ್ದಿನ ನೆಲಮಾಳಿಗೆಗಳನ್ನು ಇಂದಿಗೂ ನೋಡಬಹುದು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಯೂರೋಪಿನ ಕಾಫಿ ಬೆಳೆಗಾರರು ಬಂದರು. ಅವರಲ್ಲೊಬ್ಬನಾದ ರಾಬರ್ಟ್ ಎಲಿಯಟ್ 1894ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಕಾಫಿಯ ಜೊತೆಗೆ ಹುಲಿ, ಕಾಟಿಗಳ ಬೇಟೆಯ ಪ್ರಸಂಗಗಳೂ ತುಂಬಿವೆ.

ಬ್ರಿಟಿಷ್ ಸರ್ಕಾರಕ್ಕೆ 1857ರ ದಂಗೆಯ ನಂತರ ಜನರ ಕೈಯಲ್ಲಿದ್ದ ಆಯುಧಗಳ ಬಗ್ಗೆ ಅಂಜಿಕೆ ಹುಟ್ಟಿತು. ವೈಸರಾಯ್ ಲಿಟ್ಟನ್ ಕಾಲದ 1878ರ ಆಯುಧ ಕಾಯ್ದೆ ಭಾರತೀಯರಿಗೆ ಪರವಾನಗಿಯನ್ನು ಕಡ್ಡಾಯ ಮಾಡಿತು. ಯೂರೋಪಿಯನ್ನರಿಗೆ ವಿನಾಯಿತಿ ನೀಡಿತು. ಸಕಲೇಶಪುರದ ನೆರೆಯ ಕೊಡಗಿನ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಮಾತ್ರ ಪ್ರತ್ಯೇಕ ವಿನಾಯಿತಿ ದೊರೆಯಿತು. ಆ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಇನ್ನೂ ಹತ್ತು ವರ್ಷ ಮುಂದುವರಿಸಿತು. ಹೀಗಾಗಿ ಯಸಳೂರಿನ ಕಡೆಯ ರೈತನಿಗೆ ಪರವಾನಗಿ ಬೇಕು, ಗಡಿಯಾಚೆಯ ಕೊಡವ ನೆರೆಯವನಿಗೆ ಬೇಡ. ಕಾಡು ಒಂದೇ, ಹಂದಿಯೂ ಒಂದೇ!

ಸ್ವತಂತ್ರ ಭಾರತದ 1959ರ ಆಯುಧ ಕಾಯ್ದೆ ಜನಾಂಗದ ಭೇದವನ್ನು ಬಿಟ್ಟು ನಳಿಕೆಯ ಅಳತೆಯನ್ನು ಹಿಡಿಯಿತು. ಆತ್ಮರಕ್ಷಣೆಗೋ ಕ್ರೀಡೆಗೋ ಬಳಸುವ, 20 ಅಂಗುಲಕ್ಕೆ ಕಡಿಮೆಯಿಲ್ಲದ ನಯನಳಿಕೆಯ ಕೋವಿಯನ್ನೂ, ಬೆಳೆ ಕಾಯಲು ಬಳಸುವ, ಬಾಯಿಂದ ಮದ್ದು ತುಂಬುವ ಕೇಪಿನ ಕೋವಿಯನ್ನೂ ಅದು ಒಂದು ಗುಂಪಿಗೆ ಸೇರಿಸಿತು. ಅರ್ಜಿದಾರನಲ್ಲಿ ಬೇರೆ ದೋಷವಿಲ್ಲದಿದ್ದರೆ ಇವಕ್ಕೆ ಪರವಾನಗಿ ಕೊಡಬೇಕೆಂಬುದು ಕಾಯ್ದೆಯ ಧೋರಣೆ. ಉಳಿದವುಗಳಿಗೆ, ಅಂದರೆ ರಿವಾಲ್ವರ್, ಪಿಸ್ತೂಲುಗಳಿಗೂ, ಸಕಾರಣವಿದೆಯೆಂದು ಅಧಿಕಾರಿಗೆ ಮನವರಿಕೆಯಾಗಬೇಕು. ಉದ್ದ ಕೋವಿ ಊರಿಗೆಲ್ಲ ಕಾಣುತ್ತದೆ, ಗಿಡ್ಡದ್ದು ಕಾಣುವುದಿಲ್ಲ. ಕಾಣದ ಆಯುಧದ ಮೇಲೆ ಸರ್ಕಾರಕ್ಕೆ ಸಂಶಯ ಹೆಚ್ಚು.

ಇಷ್ಟೆಲ್ಲ ದಾಟಿದವನಿಗೂ ಆಯ್ಕೆ ವಿಶಾಲವಾಗಿರಲಿಲ್ಲ. ಸೈನ್ಯ ಬಳಸುವ 9 ಮಿಲಿಮೀಟರ್ ಅಳತೆ ಜನಸಾಮಾನ್ಯರಿಗೆ ನಿಷಿದ್ಧ. 1980ರ ದಶಕದಲ್ಲಿ ಖಾಸಗಿ ಆಮದಿಗೆ ತಡೆ ಬಿದ್ದ ಮೇಲೆ ಹಳೆಯ ವಿದೇಶಿ ಪಿಸ್ತೂಲುಗಳ ಬೆಲೆ ಗಗನಕ್ಕೇರಿತು. ಕಾನ್ಪುರದ ಸರ್ಕಾರಿ ಕಾರ್ಖಾನೆ ತಯಾರಿಸಿದ .32 ಬೋರಿನ ಆರು ಗುಂಡಿನ ರಿವಾಲ್ವರ್ ಪರಿಚಿತವಾಯಿತು. ಅದು ಸುಮಾರು 700 ಗ್ರಾಂ ತೂಗುತ್ತಿತ್ತು. 2014ರಲ್ಲಿ ಮಹಿಳೆಯರನ್ನು ಉದ್ದೇಶಿಸಿ ಅಲ್ಲಿಂದಲೇ ಬಂದ ‘ನಿರ್ಭೀಕ್’ ಸುಮಾರು 500 ಗ್ರಾಂನದು. ಅದರ ಬೆಲೆ ಆಗ ಒಂದು ಲಕ್ಷ ರೂಪಾಯಿ ಮೀರಿತ್ತು.

ಚಿಕ್ಕದಾದಷ್ಟೂ ಅನುಕೂಲವೆಂಬುದು ಅರ್ಧ ಸತ್ಯ. ರಿವಾಲ್ವರಿನ ಒಂದು ಗುಂಡು ಹಾರದಿದ್ದರೆ ಕುದುರೆ ಮತ್ತೆ ಎಳೆದರಾಯಿತು, ಮುಂದಿನ ಗುಂಡು ಎದುರಿಗೆ ಬರುತ್ತದೆ. ಪಿಸ್ತೂಲು ಚಪ್ಪಟೆಯಾಗಿದ್ದು ಮರೆಮಾಡಲು ಸುಲಭ, ಆದರೆ ಗುಂಡು ಸಿಕ್ಕಿಕೊಂಡರೆ ಬಿಡಿಸಲು ಅಭ್ಯಾಸ ಬೇಕು. ನಳಿಕೆ ಗಿಡ್ಡವಾದಂತೆ ಗುರಿಯಲ್ಲಿ ಆಗುವ ಸಣ್ಣ ತಪ್ಪೂ ದೊಡ್ಡದಾಗುತ್ತದೆ. ಹಗುರವಾದಂತೆ ಕೈಗೆ ಬೀಳುವ ಒದೆತ ಜಾಸ್ತಿ. ಮಲೆನಾಡಿನ ಮಳೆಗಾಲದಲ್ಲಿ ಬೆವರು, ತೇವಕ್ಕೆ ಕಬ್ಬಿಣ ತುಕ್ಕು ಹಿಡಿಯುವುದೂ ಬೇಗ.

ಬಳಿಕ ನಿಯಮಗಳು ಬಿಗಿಯಾದವು. 2016ರ ಆಯುಧ ನಿಯಮಗಳು ತರಬೇತಿಯನ್ನು ಅಗತ್ಯವಾಗಿಸಿದವು. ಸಾರ್ವಜನಿಕ ಸ್ಥಳದಲ್ಲಿ ಆಯುಧವನ್ನು ಒರೆಯಲ್ಲಿ ಮುಚ್ಚಿಟ್ಟುಕೊಂಡು ಹೋಗಬೇಕು, ಝಳಪಿಸಬಾರದು ಎಂದವು. ಒಬ್ಬರಿಗೆ ಮೂರು ಆಯುಧಗಳೆಂಬ ಮಿತಿ 2019ರ ತಿದ್ದುಪಡಿಯಿಂದ ಎರಡಕ್ಕಿಳಿಯಿತು. ಚುನಾವಣೆ ಬಂತೆಂದರೆ ಕೋವಿಗಳನ್ನು ಠಾಣೆಗೆ ಒಪ್ಪಿಸುವ ಆದೇಶಗಳೂ ಹೊರಡುತ್ತವೆ. ಅಷ್ಟು ದಿನ ಹಂದಿಗೆ ಹಬ್ಬವೆಂದು ರೈತರು ಗೊಣಗುವುದು ಸುಳ್ಳಲ್ಲ.

ಇಂದು ಈ ಗುಡ್ಡಗಳ ದೊಡ್ಡ ಭಯ ಕಳ್ಳನದಲ್ಲ, ಆನೆಯದು. ಆನೆಯ ಮುಂದೆ ಸೊಂಟದ ರಿವಾಲ್ವರಾಗಲಿ ಹೆಗಲ ಕೋವಿಯಾಗಲಿ ಕೆಲಸಕ್ಕೆ ಬಾರದು. ಚರೆ ತಗಲಿ ಗಾಯಗೊಂಡ ಆನೆ ಇನ್ನಷ್ಟು ಅಪಾಯಕಾರಿ. ಅದಕ್ಕೆ ಗುಂಡಿಡುವುದು ವನ್ಯಜೀವಿ ಕಾಯ್ದೆಯಡಿ ಅಪರಾಧವೂ ಹೌದು. 2023ರ ಆಗಸ್ಟ್‌ನಲ್ಲಿ ಆಲೂರು ತಾಲ್ಲೂಕಿನಲ್ಲಿ ಆನೆಗೆ ಅರಿವಳಿಕೆ ಚುಚ್ಚುಮದ್ದು ಹಾರಿಸುವ ಅನುಭವಿಯೇ ಆನೆಯ ದಾಳಿಗೆ ಬಲಿಯಾದರು. ಅದೇ ಡಿಸೆಂಬರಿನಲ್ಲಿ, ಎಂಟು ಬಾರಿ ದಸರಾ ಅಂಬಾರಿ ಹೊತ್ತ ಅರ್ಜುನ ಯಸಳೂರು ವಲಯದಲ್ಲಿ ಕಾಡಾನೆಯೊಡನೆ ಸೆಣಸಿ ಮಡಿದ.

ಗಿಡ್ಡ ನಳಿಕೆ ಹುಟ್ಟಿದ್ದು ಮನುಷ್ಯ ಮನುಷ್ಯನಿಗೆ ಅಂಜುವ ಕಡೆ. ಉದ್ದ ನಳಿಕೆ ಮಲೆನಾಡಿಗೆ ಒಗ್ಗಿದ್ದು ಬೆಳೆಯ ಕಾವಲಿಗಾಗಿ. ಆಯುಧ ಕೊಳ್ಳಹೊರಟವನು ಯಾವುದು ಚಿಕ್ಕದು, ಯಾವುದು ಹಗುರ ಎಂದು ಕೇಳುವ ಮೊದಲು ತನ್ನ ಭಯ ಯಾವುದರದೆಂದು ಕೇಳಿಕೊಳ್ಳುವುದು ಮೇಲು. ಮುಸ್ಸಂಜೆಯಲ್ಲಿ ತೋಟದಿಂದ ಮನೆಗೆ ನಡೆಯುವ ಕೂಲಿ ಹೆಂಗಸಿಗಂತೂ ಎರಡೂ ನಳಿಕೆಗಳು ಉತ್ತರವಾಗಿಲ್ಲ.