ನಾಯಿ ಹುಡುಕುವುದು ಚೆಂಡನ್ನು, ಬಾಂಬನ್ನಲ್ಲ

ಕುಂದಾಪುರದಿಂದ ದಕ್ಷಿಣಕ್ಕೆ ಹೆದ್ದಾರಿಯಲ್ಲಿ ಸಾಗಿ ಕೋಟೇಶ್ವರ ದಾಟಿದರೆ ಕುಂಭಾಶಿ. ಸಂಕಷ್ಟಿ, ಚೌತಿ, ರಥೋತ್ಸವದ ದಿನಗಳಲ್ಲಿ ಆನೆಗುಡ್ಡೆಯ ವಿನಾಯಕನ ಸನ್ನಿಧಿಯಲ್ಲಿ ಜನ ಕಿಕ್ಕಿರಿಯುತ್ತಾರೆ. ಅಂಥ ಸಂದಣಿಯಲ್ಲಿ ವಾರಸುದಾರರಿಲ್ಲದ ಚೀಲವೊಂದು ಕಂಡರೆ? ಕರಾವಳಿಗೆ ಇದು ಬರೀ ಊಹೆಯಲ್ಲ. 2020ರ ಜನವರಿ 20ರಂದು ಮಂಗಳೂರು ವಿಮಾನ ನಿಲ್ದಾಣದಲ್ಲಿ ಅಂಥ ಚೀಲ ಸಿಕ್ಕಿತು. ಒಳಗಿದ್ದ ಬಾಂಬನ್ನು ಸಂಜೆ ಕೆಂಜಾರಿನ ಬಯಲಿಗೆ ಒಯ್ದು ಸ್ಫೋಟಿಸಲಾಯಿತು.

ಇಂಥ ಸಂದರ್ಭಗಳಲ್ಲಿ ಶ್ವಾನದಳಕ್ಕೆ ಕರೆ ಹೋಗುತ್ತದೆ. ಸ್ಫೋಟಕಕ್ಕೂ ವಾಸನೆಯುಂಟೆ? ಉಂಟು. ಆರ್‌ಡಿಎಕ್ಸ್ ಆವಿಯಾಗುವುದು ತೀರಾ ಕಡಿಮೆ. ಆದರೆ ಅದರ ತಯಾರಿಕೆಯಲ್ಲಿ ಬಳಸಿದ ದ್ರಾವಕದ ಅಂಶ ಗಾಳಿಗೆ ಸೇರುತ್ತಿರುತ್ತದೆ. ನಾಯಿ ಹಿಡಿಯುವುದು ಹೆಚ್ಚಾಗಿ ಇಂಥ ಜಾಡನ್ನು. 1988ರಲ್ಲಿ ಲಾಕರ್ಬಿಯ ವಿಮಾನ ಸ್ಫೋಟಕ್ಕೆ 270 ಜನ ಬಲಿಯಾದ ಮೇಲೆ, ಪ್ಲಾಸ್ಟಿಕ್ ಸ್ಫೋಟಕಗಳಿಗೆ ಸುಲಭವಾಗಿ ಪತ್ತೆಯಾಗುವ ರಾಸಾಯನಿಕ ಬೆರೆಸಬೇಕೆಂದು 1991ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು.

ಮೂಗಿನ ಬಲವೊಂದೇ ಸಾಕಿದ್ದರೆ ಆನೆಯೇ ಮೇಲು. ದಕ್ಷಿಣ ಆಫ್ರಿಕದಲ್ಲಿ ಪಳಗಿಸಿದ ಆನೆಗಳು ಟಿಎನ್‌ಟಿಯ ವಾಸನೆಯನ್ನು ಗುರುತಿಸಿವೆ. ಆದರೆ ಆನೆಯನ್ನು ಬಸ್ಸು ಹತ್ತಿಸಲಾದೀತೆ? ನಾಯಿ ಎಲ್ಲಿಗೂ ಬರುತ್ತದೆ, ಮನುಷ್ಯನಿಗಾಗಿ ದುಡಿಯುತ್ತದೆ. ಅದನ್ನು ದುಡಿಸುವ ಬಗೆ ಮಾತ್ರ ಸುಲಭಕ್ಕೆ ತಿಳಿಯಲಿಲ್ಲ.

ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೇನೆ ನೆಲಬಾಂಬು ಪತ್ತೆಗೆ ನಾಯಿಗಳನ್ನು ಸಿದ್ಧಗೊಳಿಸಿತು. ಹೂತಿಟ್ಟ ತಂತಿಯಿಂದ ವಿದ್ಯುತ್ ಆಘಾತ ಕೊಟ್ಟು, ನೆಲದಲ್ಲಿ ಹೂತದ್ದೆಂದರೆ ಅಂಜುವಂತೆ ಕಲಿಸಲಾಯಿತು. ಉತ್ತರ ಆಫ್ರಿಕದ ರಣರಂಗದಲ್ಲಿ ಆ ಪಾಠ ಕೈಕೊಟ್ಟಿತು.

ಇಂದು ಕಲಿಸುವುದು ಬಹುಮಾನದಿಂದ. ವಾಸನೆ ಸಿಕ್ಕಿದಲ್ಲಿ ನಾಯಿ ಬೊಗಳದೆ, ಮುಟ್ಟದೆ ಸುಮ್ಮನೆ ಕೂತರೆ ಚೆಂಡು ಸಿಗುತ್ತದೆ. 1972ರ ಮಾರ್ಚ್ 7ರಂದು ನ್ಯೂಯಾರ್ಕಿನಲ್ಲಿ ಬ್ರಾಂಡಿ ಎಂಬ ನಾಯಿ ವಿಮಾನದಲ್ಲಿದ್ದ ಬಾಂಬನ್ನು ಸಿಡಿಯಲು 12 ನಿಮಿಷವಿರುವಾಗ ಪತ್ತೆ ಮಾಡಿತು. 1993ರ ಸರಣಿ ಸ್ಫೋಟದಲ್ಲಿ ಮುಂಬೈ 257 ಜನರನ್ನು ಕಳೆದುಕೊಂಡಾಗ, ಪೊಲೀಸರ ಲ್ಯಾಬ್ರಡಾರ್ ‘ಜಂಜೀರ್’ 3,329 ಕಿಲೋ ಆರ್‌ಡಿಎಕ್ಸ್ ಪತ್ತೆಗೆ ನೆರವಾಯಿತು. ಆ ಆರ್‌ಡಿಎಕ್ಸ್ ದೇಶದೊಳಗೆ ಬಂದದ್ದು ರಾಯಗಡದ ಕಡಲ ತೀರದಿಂದ. ಗಂಗೊಳ್ಳಿಯಂಥ ಬಂದರಿನಲ್ಲಿ ಕರಾವಳಿ ಕಾವಲು ಪೊಲೀಸ್ ಠಾಣೆ ಏಕೆ ಬೇಕೆಂಬುದಕ್ಕೆ ಇದೇ ಉತ್ತರ.

ಕರ್ನಾಟಕದಲ್ಲೂ ಈ ವಿದ್ಯೆ ಬೇರೂರಿದೆ. ಬೆಂಗಳೂರಿನ ಆಡುಗೋಡಿಯಲ್ಲಿ ಪೊಲೀಸ್ ಶ್ವಾನದಳದ ನೆಲೆಯಿದೆ. ನಗರದ ಹೊರವಲಯದ ತರಳುವಿನಲ್ಲಿ ಸಿಆರ್‌ಪಿಎಫ್‌ನ ಶ್ವಾನ ತರಬೇತಿ ಶಾಲೆಯಿದೆ.

ಆದರೂ ಒಂದು ಮಾತು ಮರೆಯಬಾರದು. ತಾನು ಕೂತದ್ದು ಸಾವಿನ ಮಗ್ಗುಲಲ್ಲಿ ಎಂಬುದು ನಾಯಿಗೆ ಗೊತ್ತಿಲ್ಲ. ಅದಕ್ಕೆ ಇದು ಆಟ. ಬಿಸಿಲಿಗೆ, ದಣಿವಿಗೆ ಅದರ ಮೂಗೂ ಸೋಲುತ್ತದೆ. ಅದನ್ನು ಅರಿತು ವಿಶ್ರಾಂತಿ ಕೊಡಬೇಕಾದವನು ಹಗ್ಗ ಹಿಡಿದವನು. ಜಾತ್ರೆಯಲ್ಲಿ ಅನಾಥ ಚೀಲ ಕಂಡರೆ ಮುಟ್ಟದೆ, ದೂರ ಸರಿದು, ಪೊಲೀಸರಿಗೆ ತಿಳಿಸಬೇಕಾದವರು ನಾವು. ಅಪಾಯದ ಅರಿವಿರುವುದು ಮನುಷ್ಯನಿಗೆ ಮಾತ್ರ, ಹೊಣೆಯೂ ಅವನದೇ.