ಕರಿಕೆಂಪು ಮಡಕೆಯ ಬಣ್ಣದ ವಿಚಾರ

ನಮ್ಮ ವಿಜಯಪುರವೆಂದರೆ ದೇವನಹಳ್ಳಿ ತಾಲ್ಲೂಕಿನದು. 2014ರಲ್ಲಿ ಬಿಜಾಪುರಕ್ಕೂ ಇದೇ ಹೆಸರಾದ ಮೇಲೆ ಇಷ್ಟನ್ನು ಮೊದಲೇ ಹೇಳದೆ ವಿಧಿಯಿಲ್ಲ. ಇಲ್ಲಿ ನಾನು ಉಪಾಧ್ಯಾಯನಾಗಿದ್ದ ಕಾಲದಲ್ಲಿ ಒಬ್ಬ ಹುಡುಗನು ಹೊಲದಲ್ಲಿ ಸಿಕ್ಕಿದ ಬೋಕಿಯೊಂದನ್ನು ತಂದು ನನ್ನ ಮುಂದೆ ಹಿಡಿದನು. ಅದರ ಹೊರಮೈ ಕೆಂಪು, ಒಳಮೈ ಮತ್ತು ಅಂಚು ಕಪ್ಪು. ಎರಡೂ ಕಡೆ ನುಣುಪು. “ಇದಕ್ಕೆ ಎರಡು ಥರದ ಮಣ್ಣು ಹಾಕಿದಾರಾ ಮೇಷ್ಟ್ರೇ?” ಎಂದು ಕೇಳಿದನು. ಹೌದೆಂದುಬಿಟ್ಟೆನು. ಆ ಉತ್ತರವು ತಪ್ಪೆಂದು ತಿಳಿಯುವುದಕ್ಕೆ ನನಗೆ ಬಹಳ ವರ್ಷಗಳೇ ಹಿಡಿದವು.

ತಪ್ಪಿದುದು ನನಗೆ ನಾಚಿಕೆಯ ವಿಷಯವೇ ಸರಿ. ಏಕೆಂದರೆ ಪಾಠಶಾಲೆಯಲ್ಲಿ ತರ್ಕಸಂಗ್ರಹವನ್ನು ಓದಿದವನಿಗೆ ಮಡಕೆಯ ಬಣ್ಣ ಹೊಸ ವಿಷಯವಲ್ಲ. ಹಸಿಯ ಘಟವು ಶ್ಯಾಮವಾಗಿದ್ದು ಬೆಂದ ಮೇಲೆ ರಕ್ತವಾಗುವುದು ಹೇಗೆಂಬುದು ನಮ್ಮ ಶಾಸ್ತ್ರಕಾರರ ಹಳೆಯ ಜಗಳ. ಬೆಂಕಿ ತಗುಲಿದೊಡನೆ ಘಟವು ಪರಮಾಣುಗಳಾಗಿ ಬಿಡಿಬಿಡಿಯಾಗಿ, ಅವು ಬೆಂದು ಕೆಂಪಾಗಿ ಮತ್ತೆ ಕೂಡುವುವೆಂದು ವೈಶೇಷಿಕರ ಪೀಲುಪಾಕವಾದ. ಹಾಗಲ್ಲ, ಘಟದಲ್ಲಿ ಸೂಕ್ಷ್ಮರಂಧ್ರಗಳಿವೆ, ತೇಜಸ್ಸು ಅವುಗಳ ಮೂಲಕ ಹೊಕ್ಕು ಘಟವು ಇದ್ದಂತೆಯೇ ಬೇಯುವುದೆಂದು ನೈಯಾಯಿಕರ ಪಿಠರಪಾಕವಾದ. ರಂಧ್ರಗಳ ಮಾತಿನಲ್ಲಿ ನೈಯಾಯಿಕರು ಗೆದ್ದರೆಂದೇ ಹೇಳಬೇಕು. ಆದರೆ ಎರಡು ಪಕ್ಷದವರೂ ಬಣ್ಣವನ್ನು ತೇಜಸ್ಸಿಗೇ ಒಪ್ಪಿಸಿದರು. ಆವಿಗೆಯೊಳಗಣ ವಾಯುವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ನಮ್ಮ ಶೀಮೆಯ ನೆಲವು ಬಹುಮಟ್ಟಿಗೆ ಬೆಣಚುಪಟ್ಟೆಗಳಿರುವ ಹಳೆಯ ಬಂಡೆ ಸವೆದು ಆದುದು. ಬಂಡೆಯ ಬಿಳಿಯ ಭಾಗವು ಕೊಳೆತು ಜೇಡಿಯಾಗುತ್ತದೆ; ಕರಿಯ ಖನಿಜಗಳು ಕಬ್ಬಿಣವನ್ನು ಬಿಟ್ಟುಕೊಡುತ್ತವೆ. ಕೆರೆಯ ಮಣ್ಣಿನಲ್ಲಿ ಈ ಎರಡೂ ಬೆರೆತಿರುತ್ತವೆ. ಗಾಳಿ ಧಾರಾಳವಾಗಿ ಆಡುವ ಆವಿಗೆಯಲ್ಲಿ ಕಬ್ಬಿಣವು ಆಮ್ಲಜನಕದೊಡನೆ ಪೂರ್ಣವಾಗಿ ಕೂಡಿ ಕಾವಿಯ ಕೆಂಪನ್ನು ತಳೆಯುವುದು. ಗಾಳಿ ಸಾಲದೆ ಹೊಗೆ ಕವಿದರೆ ಅದೇ ಕಬ್ಬಿಣವು ಆಮ್ಲಜನಕವನ್ನು ಕಳೆದುಕೊಂಡು ಬೂದು ಇಲ್ಲವೆ ಕಪ್ಪಾಗುವುದು. ಹೊಗೆಯ ಇಂಗಾಲವೂ ರಂಧ್ರಗಳಲ್ಲಿ ಕುಳಿತು ಕಪ್ಪನ್ನು ಗಾಢಮಾಡುವುದು. ಸುಣ್ಣ ಹೆಚ್ಚಾಗಿರುವ ಮಣ್ಣು ಬಲವಾಗಿ ಬೆಂದಾಗ ಹಳದಿಗೆ ತಿರುಗುತ್ತದೆ. ಕಬ್ಬಿಣವಿಲ್ಲದ ಜೇಡಿ ಬೆಳ್ಳಗೇ ಉಳಿಯುತ್ತದೆ. ಹೀಗೆ ಮಣ್ಣು ಯಾವ ಯಾವ ಬಣ್ಣ ಸಾಧ್ಯವೆಂಬುದನ್ನು ಗೊತ್ತುಮಾಡಿದರೆ, ಅವುಗಳಲ್ಲಿ ಯಾವುದು ಮೂಡಬೇಕೆಂಬುದನ್ನು ಗಾಳಿಯೂ ಕಾವೂ ಗೊತ್ತುಮಾಡುತ್ತವೆ.

ಇದನ್ನು ಓದಿ ತಿಳಿದ ಮೇಲೂ ನಂಬುವುದಕ್ಕೆ ನನಗೆ ಪ್ರತ್ಯಕ್ಷ ಬೇಕಾಯಿತು. ಮನೆಯಲ್ಲಿ ಒಡೆದಿದ್ದ ಕರಿಯ ಮಡಕೆಯ ಚೂರೊಂದನ್ನು ಕುಂಬಾರನಿಗೆ ಕೊಟ್ಟು, ಆವಿಗೆಯಲ್ಲಿ ಗಾಳಿಯಾಡುವ ಕಡೆ ಇಡೆಂದೆನು. ಅವನು ನಕ್ಕನು. ಮೂರನೆಯ ದಿನ ಚೂರು ಕೆಂಪಾಗಿ ಹಿಂದಕ್ಕೆ ಬಂದಿತು. ಅವನ ನಗೆಯ ಅರ್ಥ ಆಗ ತಿಳಿಯಿತು. ನನಗೆ ಹೊಸದಾದುದು ಅವನಿಗೆ ನಿತ್ಯದ ಸಂಗತಿ.

ಹಾಗಾದರೆ ಒಂದೇ ಪಾತ್ರೆಯಲ್ಲಿ ಎರಡು ಬಣ್ಣ ಬಂದುದು ಹೇಗೆ? ಮಡಕೆಯನ್ನು ಹೊಟ್ಟು ಬೂದಿಗಳಲ್ಲಿ ಬೋರಲು ಹಾಕಿ ಸುಟ್ಟರೆ, ಒಳಗೂ ಹೂತ ಅಂಚಿಗೂ ಗಾಳಿ ಸೋಕದೆ ಕಪ್ಪಾಗುವುದು, ಹೊರಮೈ ಕೆಂಪಾಗುವುದು. ಒಮ್ಮೆ ಕೆಂಪಾಗಿ ಸುಟ್ಟು ಮತ್ತೊಮ್ಮೆ ಬೋರಲಿಟ್ಟು ಹೊಗೆಯೂಡಿದರೆಂದು ಹೇಳುವ ವಿದ್ವಾಂಸರೂ ಇರುವರು. ಎರಡು ಕ್ರಮಗಳಿಂದಲೂ ಫಲವು ಒಂದೇ ಆಗಬಹುದಾದುದರಿಂದ, ಎಲ್ಲ ಊರುಗಳಿಗೂ ಒಂದೇ ಉತ್ತರವನ್ನು ಹೇರುವುದು ನನಗೆ ಸರಿಯೆಂದು ತೋರದು.

ಈ ಕರಿಕೆಂಪು ಪಾತ್ರೆಗಳು ನಮ್ಮ ನಾಡಿನಲ್ಲಿ ಹೆಚ್ಚಾಗಿ ದೊರೆಯುವುದು, ಜನರು ಪಾಂಡವರ ಗುಡಿ, ಮೊರೇರ ಮನೆ ಎಂದು ಕರೆಯುವ ಶಿಲಾಸಮಾಧಿಗಳಲ್ಲಿ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಡಾ. ಎಂ. ಎಚ್. ಕೃಷ್ಣ ಅವರೂ, ಅನಂತರ 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅವರೂ ಅಗೆತ ನಡೆಸಿದರು. ವ್ಹೀಲರ್ ಅವರು ಮೂರು ಸ್ತರಗಳನ್ನು ಗುರುತಿಸಿದರು: ಕೆಳಗೆ ಕಲ್ಲುಕೊಡಲಿಯವರ ಕೈಯಿಂದ ಮಾಡಿದ ಬೂದುಬಣ್ಣದ ಮಡಕೆಗಳು, ನಡುವೆ ಸಮಾಧಿಗಳ ಕಾಲದ ಕರಿಕೆಂಪು, ಮೇಲೆ ಬಿಳಿಯ ಗೆರೆಗಳನ್ನು ಬರೆದು ಕಾವಿ ಬಳಿದ ಪಾತ್ರೆಗಳು. ನಮಗೆ ಸಮೀಪದ ನಿದರ್ಶನ ಹೊಸಕೋಟೆ ತಾಲ್ಲೂಕಿನ ಜಡಿಗೇನಹಳ್ಳಿಯದು. ಅಲ್ಲಿ 1957ರಲ್ಲಿ ಡಾ. ಎಂ. ಶೇಷಾದ್ರಿಯವರು ಶಿಲಾಸಮಾಧಿಗಳನ್ನು ಅಗೆದು ಶೋಧಿಸಿದರು.

ಬಣ್ಣವನ್ನು ಕಂಡೊಡನೆ ಜನಾಂಗವನ್ನು ಊಹಿಸುವ ಚಪಲ ಮಾತ್ರ ಬೇಡ. ಕರಿಕೆಂಪು ಮಡಕೆಗಳು ಗುಜರಾತಿನ ಲೋಥಲಿನಲ್ಲಿಯೂ ರಾಜಸ್ಥಾನದ ಅಹಾಡಿನಲ್ಲಿಯೂ, ನಮ್ಮ ಸಮಾಧಿಗಳಿಗಿಂತ ಬಹು ಹಿಂದಿನ ಕಾಲದವಾಗಿಯೇ, ದೊರೆತಿವೆ. ಅವರೆಲ್ಲರೂ ಒಂದೇ ಕುಲದವರೆನ್ನುವುದು, ಬೋರಲಿಟ್ಟು ಸುಡುವ ಉಪಾಯ ಒಬ್ಬನಿಗೇ ಹೊಳೆಯಬಲ್ಲುದೆಂದು ಹೇಳಿದಂತೆ.

ಬೂದುಬಣ್ಣದ ಹಳೆಯ ಮಡಕೆಗಳಲ್ಲಿ ಕೆಲವಕ್ಕೆ ಕಂಠದ ಬಳಿ ಕಾವಿಯ ಪಟ್ಟಿಯಿರುವುದುಂಟು. ಅದು ಸುಟ್ಟ ಮೇಲೆ ಬಳಿದುದು. ಹೊಗೆಯ ಆವಿಗೆಯಲ್ಲಿ ಬೆಂದಿದ್ದರೆ ಕಾವಿಯ ಕೆಂಪು ಉಳಿಯುತ್ತಿರಲಿಲ್ಲ. ಬೆಂಕಿ ಕಾಣದ ಈ ಬಣ್ಣವು ನೀರಿಗೆ ಬಿಟ್ಟುಹೋಗುವುದು. ಆದುದರಿಂದ ಪಾಯ ತೋಡುವಾಗಲೋ ಹೊಲ ಉಳುವಾಗಲೋ ಬೋಕಿಗಳು ಕಂಡರೆ ವಾಚಕರು ಅವನ್ನು ತೊಳೆದು ಉಜ್ಜಬಾರದು. ಸಿಕ್ಕಿದ ಸ್ಥಳವನ್ನು ಬರೆದಿಟ್ಟು ಪ್ರಾಕ್ತನ ವಿಮರ್ಶೆಯ ಇಲಾಖೆಯವರಿಗೆ ತಿಳಿಸಬೇಕು. ಆ ಹುಡುಗನ ಬೋಕಿಯನ್ನು ನಾನು ಚೆನ್ನಾಗಿ ತೊಳೆದಿದ್ದೆನು. ಯಾವ ಹೊಲದ್ದೆಂದು ಕೇಳಿರಲಿಲ್ಲ.